ಅಸ್ತಮಾ ಇರುವವರಿಗೆ ವ್ಯಾಯಾಮವಾಗಿ ನೃತ್ಯ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ನೃತ್ಯ ತರಬೇತಿ, ಬೇಸಿಗೆ ಶಿಬಿರ, ಶಾಲಾ ವಾರ್ಷಿಕೋತ್ಸವ ಹಾಗೂ ಸ್ಪರ್ಧೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅಸ್ತಮಾ (ಉಬ್ಬಸ, ಗೂರಲು) ಇರುವವರೂ ಇರುತ್ತಾರೆ. ಅಂತಹವರಿಗೆ, ವಿಶೇಷವಾಗಿ ಮಕ್ಕಳ ಪೋಷಕರಿಗೆ, ಸಾಮಾನ್ಯವಾಗಿ ಎರಡು ದಾರಿಗಳು ಮಾತ್ರ ತೋಚುತ್ತವೆ. ಮೊದಲನೆಯದು, ಕುಣಿದರೆ ದಮ್ಮು ಹೆಚ್ಚಾದೀತೆಂದು ಹೆದರಿ ಮಗುವನ್ನು ನೃತ್ಯದಿಂದ ಬಿಡಿಸುವುದು. ಎರಡನೆಯದು, ವಿಷಯ ತಿಳಿದರೆ ಅವಕಾಶ ತಪ್ಪೀತೆಂದು ಹೆದರಿ ಕಾಯಿಲೆಯನ್ನು ಗುರುಗಳಿಂದ ಮರೆಮಾಚುವುದು. ಮೊದಲನೆಯದರಿಂದ ಮಗುವಿಗೆ ಅನಗತ್ಯ ನಷ್ಟವಾಗುತ್ತದೆ. ಎರಡನೆಯದರಿಂದ ಪ್ರಾಣಾಪಾಯವೇ ಸಂಭವಿಸಬಹುದು.

ಕಾಯಿಲೆಯನ್ನು ಔಷಧದಿಂದ ಹತೋಟಿಯಲ್ಲಿಟ್ಟು, ಸಂಬಂಧಪಟ್ಟವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ, ಕ್ರಮವರಿತು ನರ್ತಿಸುವುದು ಮೂರನೆಯ ದಾರಿಯಾಗಿರುತ್ತದೆ. ಅದನ್ನು ವಿವರಿಸುವುದೇ ಈ ಪುಟದ ಉದ್ದೇಶ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26.2 ಕೋಟಿ ಜನರಿಗೆ ಅಸ್ತಮಾ ಇದ್ದು, ಆ ಒಂದೇ ವರ್ಷದಲ್ಲಿ ಸುಮಾರು 4.55 ಲಕ್ಷ ಜನರು ಅದರಿಂದ ಮೃತಪಟ್ಟರು. ಸೂಕ್ತ ಔಷಧ ಮತ್ತು ತಿಳಿವಳಿಕೆಯಿಂದ ಇಂತಹ ಸಾವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದಾಗಿದೆ.

2. ನರ್ತಿಸುವಾಗ ಉಬ್ಬಸ ಬರಲು ಕಾರಣವೇನು?

ಅಸ್ತಮಾ ಇರುವವರ ಶ್ವಾಸನಾಳಗಳ ಒಳಪದರದಲ್ಲಿ ಸದಾ ಸ್ವಲ್ಪ ಉರಿಯೂತವಿರುತ್ತದೆ. ಧೂಳು, ಹೊಗೆ, ಪರಾಗ, ನೆಗಡಿ ಮುಂತಾದ ಕಾರಣಗಳಿಂದ ನಾಳಗಳ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು, ಒಳಗೆ ಲೋಳೆ ತುಂಬಿ, ಗಾಳಿಯ ದಾರಿ ಕಿರಿದಾಗುತ್ತದೆ.

ವಿಶ್ರಾಂತಿಯಲ್ಲಿರುವಾಗ ನಾವು ಮೂಗಿನಿಂದ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಸೋಸಿ ಒಳಗೆ ಕಳುಹಿಸುತ್ತದೆ. ವೇಗವಾಗಿ ಕುಣಿಯುವಾಗ ಬಾಯಿಯಿಂದ ಉಸಿರಾಡುವುದರಿಂದ ತಂಪಾದ, ಒಣಗಿದ ಗಾಳಿ ನೇರವಾಗಿ ಶ್ವಾಸನಾಳಗಳನ್ನು ಸೇರಿ ಒಳಪದರವನ್ನು ಒಣಗಿಸುತ್ತದೆ. ಇದರಿಂದ ನಾಳಗಳು ಬಿಗಿಯುತ್ತವೆ. ಡಿಸೆಂಬರ್ ಮತ್ತು ಜನವರಿ ತಿಂಗಳ ಚಳಿಯ ಮುಂಜಾವಿನಲ್ಲಿ ಬಯಲಿನಲ್ಲಿ ಅಭ್ಯಾಸ ಮಾಡುವವರಿಗೆ ತೊಂದರೆ ಹೆಚ್ಚುವುದು ಈ ಕಾರಣಕ್ಕಾಗಿಯೇ.

ಸಾಮಾನ್ಯ ಏದುಸಿರಿಗೂ ಅಸ್ತಮಾಕ್ಕೂ ಇರುವ ವ್ಯತ್ಯಾಸವನ್ನು ತಿಳಿದಿರತಕ್ಕದ್ದು. ಸಾಮಾನ್ಯ ಏದುಸಿರು ಕುಣಿತ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ಅಸ್ತಮಾದ ತೊಂದರೆಯು ನಿಲ್ಲಿಸಿದ ಮೇಲೂ ಏರುತ್ತಾ ಹೋಗಿ, ಬಹುತೇಕ 5ರಿಂದ 15 ನಿಮಿಷಗಳಲ್ಲಿ ತೀವ್ರವಾಗುತ್ತದೆ. ಕೆಮ್ಮು, ಎದೆ ಬಿಗಿತ, ಉಸಿರು ಬಿಡುವಾಗ ಸಿಳ್ಳೆಯಂತಹ ಶಬ್ದ ಇದರ ಲಕ್ಷಣಗಳು. ಮಕ್ಕಳಲ್ಲಿ ಕೆಮ್ಮು ಒಂದೇ ಲಕ್ಷಣವಾಗಿರಲೂಬಹುದು. ಆದ್ದರಿಂದ ನೃತ್ಯ ಮುಗಿದ ಕೂಡಲೇ ಮಗುವನ್ನು ಒಬ್ಬಂಟಿಯಾಗಿ ಮನೆಗೆ ಕಳುಹಿಸದೆ, ಕನಿಷ್ಠ 20 ನಿಮಿಷಗಳ ಕಾಲ ಹಿರಿಯರ ಕಣ್ಣಳತೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ.

3. ನೃತ್ಯದಿಂದ ಆಗುವ ಪ್ರಯೋಜನ

ನಿಯಮಿತ ವ್ಯಾಯಾಮದಿಂದ ದೇಹದ ದಾರ್ಢ್ಯ ಹೆಚ್ಚುತ್ತದೆ. ದೇಹ ಪಳಗಿದಂತೆ ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕಾಗುವುದರಿಂದ ಉಬ್ಬಸ ಕೆರಳುವ ಸಂದರ್ಭಗಳೂ ಕಡಿಮೆಯಾಗುತ್ತವೆ. ವ್ಯಾಯಾಮದಿಂದ ಅಸ್ತಮಾ ವಾಸಿಯಾಗುವುದಿಲ್ಲ. ಆದರೆ ಅಸ್ತಮಾ ಇರುವವರ ದೈನಂದಿನ ಬದುಕು ಸುಧಾರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅಗತ್ಯ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ 5 ದಿನ ನರ್ತಿಸುವ ವಯಸ್ಕರು 150 ನಿಮಿಷಗಳ ಲೆಕ್ಕವನ್ನು ಪೂರೈಸಿದಂತಾಗುತ್ತದೆ.

4. ಆರಂಭಿಸುವ ಮುನ್ನ: ಹತೋಟಿಯ ಪರಿಶೀಲನೆ

ಕಳೆದ 4 ವಾರಗಳಿಗೆ ಸಂಬಂಧಿಸಿದಂತೆ ಕೆಳಕಂಡ ಪ್ರಶ್ನೆಗಳಿಗೆ ಉತ್ತರಿಸಿಕೊಳ್ಳತಕ್ಕದ್ದು.

(ಅ) ಹಗಲಿನಲ್ಲಿ ವಾರಕ್ಕೆ 2 ಬಾರಿಗಿಂತ ಹೆಚ್ಚು ಉಬ್ಬಸದ ಲಕ್ಷಣಗಳು ಕಂಡುಬಂದಿವೆಯೇ?
(ಆ) ಉಬ್ಬಸದಿಂದಾಗಿ ರಾತ್ರಿ ಎಚ್ಚರವಾಗಿದೆಯೇ?
(ಇ) ತಕ್ಷಣದ ಉಪಶಮನದ ಇನ್ಹೇಲರ್ ವಾರಕ್ಕೆ 2 ಬಾರಿಗಿಂತ ಹೆಚ್ಚು ಬೇಕಾಗಿದೆಯೇ?
(ಈ) ಉಬ್ಬಸದಿಂದಾಗಿ ದೈನಂದಿನ ಕೆಲಸಕ್ಕೆ ಅಡಚಣೆಯಾಗಿದೆಯೇ?

ನಾಲ್ಕಕ್ಕೂ ಉತ್ತರ "ಇಲ್ಲ" ಎಂದಾದಲ್ಲಿ ಅಸ್ತಮಾ ಹತೋಟಿಯಲ್ಲಿದೆ ಎಂದು ಪರಿಗಣಿಸಬಹುದು. ಯಾವುದಾದರೂ ಒಂದಕ್ಕೆ "ಹೌದು" ಎಂದಾದಲ್ಲಿ ಮೊದಲು ವೈದ್ಯರನ್ನು ಕಂಡು ಚಿಕಿತ್ಸೆಯನ್ನು ಸರಿಪಡಿಸಿಕೊಂಡು, ಬಳಿಕ ನೃತ್ಯವನ್ನು ಆರಂಭಿಸತಕ್ಕದ್ದು.

5. ಎರಡು ಬಗೆಯ ಇನ್ಹೇಲರ್‌ಗಳು

ಅಸ್ತಮಾ ಔಷಧಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ (ಉದಾಹರಣೆಗೆ ಬುಡೆಸೊನೈಡ್) ರೋಗವನ್ನು ತಡೆಯುತ್ತದೆ. ಇದರ ಪರಿಣಾಮ ನಿಧಾನವಾಗಿ ಕಾಣುವುದರಿಂದ ಹಲವರು ಇದನ್ನು ನಡುವೆ ಬಿಟ್ಟುಬಿಡುತ್ತಾರೆ. ಸಾಲ್ಬುಟಮಾಲ್ ಇನ್ಹೇಲರ್ ಬಿಗಿದ ಸ್ನಾಯುಗಳನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಉರಿಯೂತವನ್ನು ತಗ್ಗಿಸುವುದಿಲ್ಲ. ಎರಡನೆಯದನ್ನು ಮಾತ್ರ ಬಳಸುತ್ತಾ ಬರುವುದೆಂದರೆ ಅಸಲನ್ನು ತೀರಿಸದೆ ಬಡ್ಡಿಯನ್ನಷ್ಟೇ ಕಟ್ಟುತ್ತಾ ಹೋದಂತೆ. ಹದಿಹರೆಯದವರು ಮತ್ತು ವಯಸ್ಕರು ಸಾಲ್ಬುಟಮಾಲ್ ಒಂದನ್ನೇ ಅವಲಂಬಿಸಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು 2019ರಿಂದ ಸ್ಪಷ್ಟವಾಗಿ ತಿಳಿಸಿವೆ. ಎರಡೂ ಔಷಧಗಳು ಭಾರತದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿ 2022ರಲ್ಲಿ ಸೇರಿವೆ.

ಕುಣಿಯುವಾಗ ಉಬ್ಬಸ ಬರುವವರಿಗೆ, ಆರಂಭಕ್ಕೆ ಸುಮಾರು 15 ನಿಮಿಷ ಮೊದಲು ಇನ್ಹೇಲರ್ ತೆಗೆದುಕೊಳ್ಳುವಂತೆ ವೈದ್ಯರು ಸೂಚಿಸಬಹುದು. ಕೆಲವರಿಗೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಕೂಡಿದ ಒಂದೇ ಇನ್ಹೇಲರ್ ಅನ್ನು ಎರಡೂ ಉದ್ದೇಶಗಳಿಗೆ ನೀಡಲಾಗುತ್ತದೆ. ಪ್ರತಿ ಅಭ್ಯಾಸಕ್ಕೂ ಮುನ್ನ ಇನ್ಹೇಲರ್ ಬೇಕಾಗುತ್ತಿದ್ದಲ್ಲಿ, ತಡೆಗಟ್ಟುವ ಔಷಧ ಸಾಲುತ್ತಿಲ್ಲವೆಂಬುದರ ಸೂಚನೆ ಅದಾಗಿರಬಹುದು.

6. ನೃತ್ಯದ ಕ್ರಮ

(ಅ) ಪೂರ್ವಸಿದ್ಧತೆ: ಮೊದಲ 10ರಿಂದ 15 ನಿಮಿಷ ನಿಧಾನಗತಿಯಲ್ಲಿ ಮೈಯನ್ನು ಬೆಚ್ಚಗಾಗಿಸಿಕೊಳ್ಳತಕ್ಕದ್ದು. ಭರತನಾಟ್ಯದ ವಿದ್ಯಾರ್ಥಿಗಳು ತಟ್ಟಡವು ಮೊದಲಾದ ಅಡವುಗಳನ್ನು ಮೊದಲ ಕಾಲದಲ್ಲಿ ಮಾಡಿ, ಉಸಿರು ಹದಕ್ಕೆ ಬಂದ ಮೇಲೆ ಎರಡನೇ ಕಾಲಕ್ಕೆ, ನಂತರ ಮೂರನೇ ಕಾಲಕ್ಕೆ ಏರಬಹುದು. ನೇರವಾಗಿ ಮೂರನೇ ಕಾಲದಿಂದ ಆರಂಭಿಸಬಾರದು.

(ಆ) ಶ್ರಮದ ಅಳತೆ: ಕುಣಿಯುತ್ತಾ ಮಾತನಾಡಲು ಸಾಧ್ಯವಾಗಿ, ಹಾಡಲು ಕಷ್ಟವೆನಿಸಿದರೆ ಅದು ಮಧ್ಯಮ ಶ್ರಮ. ಒಂದು ವಾಕ್ಯವನ್ನೂ ಪೂರ್ಣಗೊಳಿಸಲಾಗದಿದ್ದಲ್ಲಿ ವೇಗವನ್ನು ತಗ್ಗಿಸತಕ್ಕದ್ದು.

(ಇ) ನಡುವೆ ವಿರಾಮ: ಎಡೆಬಿಡದ ಶ್ರಮಕ್ಕಿಂತ, ಬಿಡುವು ಕೊಟ್ಟು ಮಾಡುವ ಶ್ರಮವನ್ನು ಅಸ್ತಮಾ ಇರುವವರು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತಾರೆ. ಭರತನಾಟ್ಯದ ದೀರ್ಘ ಬಂಧವಾದ ವರ್ಣದಲ್ಲಿ ಬಿರುಸಿನ ಜತಿಗಳ ನಡುವೆ ಅಭಿನಯದ ಭಾಗಗಳು ಬರುವುದರಿಂದ ಉಸಿರು ಸುಧಾರಿಸಿಕೊಳ್ಳಲು ಅವಕಾಶವಿದೆ. ಅಭ್ಯಾಸದ ವೇಳೆ ಜತಿಗಳನ್ನಷ್ಟೇ ಒಂದರ ಹಿಂದೊಂದು ಮಾಡಿಸಿದಲ್ಲಿ ಆ ಬಿಡುವು ತಪ್ಪಿಹೋಗುತ್ತದೆ ಎಂಬುದನ್ನು ಗುರುಗಳು ಗಮನಿಸಬೇಕು. ಕೋಲಾಟದಲ್ಲಿ ಹಾಡುವ ಹೊಣೆಯನ್ನು ಬೇರೆಯವರಿಗೆ ವಹಿಸಬಹುದು. ಡೊಳ್ಳು ಕುಣಿತದಲ್ಲಿ ವಾದ್ಯದ ಭಾರ, ಬಡಿತ ಮತ್ತು ಜಿಗಿತ ಮೂರೂ ಸೇರುವುದರಿಂದ, ಮೊದಲು ಡೊಳ್ಳಿಲ್ಲದೆ ಹೆಜ್ಜೆ ಕಲಿತು ಹಂತಹಂತವಾಗಿ ಮುಂದುವರಿಯುವುದು ಸೂಕ್ತ.

(ಈ) ಮುಕ್ತಾಯ: ಥಟ್ಟನೆ ನಿಲ್ಲಿಸಿ ಕುಳಿತುಕೊಳ್ಳದೆ, ಕೊನೆಯ 5ರಿಂದ 10 ನಿಮಿಷ ನಿಧಾನವಾಗಿ ನಡೆದಾಡುತ್ತಾ ಮೂಗಿನಿಂದ ಉಸಿರಾಡತಕ್ಕದ್ದು.

7. ಸ್ಥಳ ಮತ್ತು ಉಡುಪಿಗೆ ಸಂಬಂಧಿಸಿದಂತೆ

• ಅಭ್ಯಾಸದ ಕೊಠಡಿಯನ್ನು ಮಕ್ಕಳು ಬಂದ ಮೇಲೆ ಗುಡಿಸದೆ, ಸಾಕಷ್ಟು ಮುಂಚಿತವಾಗಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಜಮಖಾನದ ಮೇಲೆ ಕುಣಿಯಬಾರದು.
• ಮಣ್ಣಿನ ಅಂಗಳವಾದಲ್ಲಿ ನೀರು ಚಿಮುಕಿಸಿ ಧೂಳನ್ನು ಅಡಗಿಸಬೇಕು.
• ನಟರಾಜನ ಮೂರ್ತಿಯ ಮುಂದೆ ದೀಪ ಹಚ್ಚಿ, ಊದುಬತ್ತಿ ಮತ್ತು ಲೋಬಾನದ ಹೊಗೆಯನ್ನು ಕೈಬಿಡುವುದು ಒಳಿತು.
• ರಂಗದ ಮೇಲೆ ಹೊಗೆ ಎಬ್ಬಿಸುವ ಯಂತ್ರ, ಪಟಾಕಿ, ಬಣ್ಣದ ಪುಡಿ ಎರಚುವುದು ಇವುಗಳ ಬಗ್ಗೆ ಸಂಘಟಕರನ್ನು ಮೊದಲೇ ವಿಚಾರಿಸಬೇಕು.
• ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಹೂಬಿಟ್ಟ ಬಯಲುಗಳ ಪಕ್ಕದಲ್ಲಿ ಅಭ್ಯಾಸ ಮಾಡಬಾರದು.
• ಟ್ರಂಕಿನಲ್ಲಿದ್ದ ವೇಷಭೂಷಣಗಳನ್ನು ಕೆಲವು ದಿನ ಮುಂಚಿತವಾಗಿ ಒಗೆದು ಬಿಸಿಲಿಗೆ ಹಾಕಬೇಕು. ನುಸಿ ಗುಳಿಗೆಯ ವಾಸನೆ ಉಳಿದಿರಬಾರದು.
• ಡಾಬು, ಸೊಂಟಪಟ್ಟಿಗಳನ್ನು ಆಳವಾಗಿ ಉಸಿರೆಳೆದುಕೊಂಡು ನೋಡಿ, ಅಡ್ಡಿಯಾಗದಷ್ಟು ಸಡಿಲವಾಗಿ ಕಟ್ಟಬೇಕು.
• ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅಸ್ತಮಾ ಇರುವ ಕೆಲವರಲ್ಲಿ ಇವು ತೀವ್ರ ಉಬ್ಬಸವನ್ನುಂಟುಮಾಡುತ್ತವೆ.

8. ನರ್ತಿಸಬಾರದ ದಿನಗಳು

ನೆಗಡಿ, ಜ್ವರ ಅಥವಾ ಕಫ ಇರುವಾಗ. ಹಿಂದಿನ ರಾತ್ರಿ ಉಬ್ಬಸದಿಂದ ನಿದ್ರೆ ಕೆಟ್ಟಿರುವಾಗ. ಬೆಳಗಿನಿಂದಲೇ ಉಪಶಮನದ ಇನ್ಹೇಲರ್ ಬೇಕಾಗಿರುವಾಗ. ಪೀಕ್ ಫ್ಲೋ ಮೀಟರ್ ಬಳಸುವವರಲ್ಲಿ ಅಳತೆಯು ತಮ್ಮ ಅತ್ಯುತ್ತಮ ಅಳತೆಯ ಶೇ. 80ಕ್ಕಿಂತ ಕಡಿಮೆ ಇರುವಾಗ ನರ್ತಿಸಬಾರದು. ಅಂದು ಕುಳಿತು ತಾಳ ಹಾಕುವುದು, ಹಸ್ತಮುದ್ರೆಗಳನ್ನು ಅಭ್ಯಸಿಸುವುದು ಇವುಗಳಿಗೆ ಅಡ್ಡಿಯಿಲ್ಲ. ಮಗು ತರಗತಿಯಲ್ಲೇ ಉಳಿಯುವುದರಿಂದ ಪಾಠ ತಪ್ಪುವುದಿಲ್ಲ; ತೊಂದರೆಯನ್ನು ಹೇಳಿಕೊಂಡದ್ದಕ್ಕೆ ಶಿಕ್ಷೆಯಾಯಿತೆಂಬ ಭಾವನೆಯೂ ಅದಕ್ಕೆ ಬರುವುದಿಲ್ಲ.

9. ತುರ್ತು ಸಂದರ್ಭದಲ್ಲಿ ಕೈಗೊಳ್ಳಬೇಕಾದ ಕ್ರಮ

ವೈದ್ಯರು ಲಿಖಿತ ಸೂಚನೆ ನೀಡಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಇಲ್ಲವಾದಲ್ಲಿ ಕೆಳಕಂಡಂತೆ ಕ್ರಮ ಕೈಗೊಳ್ಳಬಹುದು.

(1) ನೃತ್ಯವನ್ನು ಕೂಡಲೇ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಬಿಗಿಯಾದ ಉಡುಪನ್ನು ಸಡಿಲಿಸುವುದು. ಮಲಗಿಸಬಾರದು, ಸುತ್ತ ಜನ ಮುತ್ತಬಾರದು.
(2) ಸಾಲ್ಬುಟಮಾಲ್ ಇನ್ಹೇಲರ್ ಅನ್ನು ಅಲುಗಾಡಿಸಿ, ಸ್ಪೇಸರ್ ಮೂಲಕ ಒಂದು ಬಾರಿಗೆ ಒಂದು ಒತ್ತಿನಂತೆ 4 ಒತ್ತು ನೀಡುವುದು. ಪ್ರತಿ ಒತ್ತಿಗೂ 4 ಉಸಿರು ಎಳೆಸುವುದು.
(3) 4 ನಿಮಿಷ ಕಾಯುವುದು. ಸುಧಾರಿಸದಿದ್ದಲ್ಲಿ ಮತ್ತೆ 4 ಒತ್ತು ನೀಡುವುದು.
(4) ಆಗಲೂ ಸುಧಾರಿಸದಿದ್ದಲ್ಲಿ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಇದೇ ಕ್ರಮವನ್ನು ಮುಂದುವರಿಸುವುದು.

ಮಾತನಾಡಲಾಗದಿರುವುದು, ತುಟಿ ನೀಲಿಗಟ್ಟುವುದು, ಪಕ್ಕೆಲುಬುಗಳ ನಡುವೆ ಚರ್ಮ ಒಳಸೇರುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಮೊದಲಿಗೇ 108ಕ್ಕೆ ಕರೆ ಮಾಡತಕ್ಕದ್ದು. ಸಿಳ್ಳೆಯ ಶಬ್ದ ನಿಂತು ಹೋಗಿ ಉಸಿರಾಟದ ಕಷ್ಟ ಮಾತ್ರ ಉಳಿದಿದ್ದಲ್ಲಿ ಅದನ್ನು ಸುಧಾರಣೆಯೆಂದು ತಿಳಿಯಬಾರದು. ಗಾಳಿಯ ಚಲನೆಯೇ ತೀರ ಕಡಿಮೆಯಾಗಿರುವ ಲಕ್ಷಣ ಅದಾಗಿರಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇನ್ಹೇಲರ್ ಚಟವಾಗುತ್ತದೆಯೇ? ಮಾತ್ರೆಯೇ ಸೌಮ್ಯವಲ್ಲವೇ?
ಉತ್ತರ: ಇನ್ಹೇಲರ್ ಚಟವಾಗುವುದಿಲ್ಲ. ಸಾಲ್ಬುಟಮಾಲ್ ಇನ್ಹೇಲರ್‌ನ ಒಂದು ಒತ್ತಿನಲ್ಲಿ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಔಷಧವಿರುತ್ತದೆ. 4 ಮಿಲಿಗ್ರಾಂನ ಒಂದು ಮಾತ್ರೆಯೆಂದರೆ 4,000 ಮೈಕ್ರೋಗ್ರಾಂ, ಅಂದರೆ 40 ಒತ್ತುಗಳಷ್ಟು ಔಷಧ. ಮಾತ್ರೆ ರಕ್ತದ ಮೂಲಕ ಇಡೀ ದೇಹಕ್ಕೆ ಹೋಗುತ್ತದೆ. ಇನ್ಹೇಲರ್ ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕು. ಸ್ಟೀರಾಯ್ಡ್ ಇನ್ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸತಕ್ಕದ್ದು.

ಪ್ರಶ್ನೆ: ಅರ್ಜಿಯಲ್ಲಿ ಅಸ್ತಮಾ ಇರುವುದನ್ನು ನಮೂದಿಸಬೇಕೇ?
ಉತ್ತರ: ಆರೋಗ್ಯದ ವಿವರ ಕೇಳಿದ್ದಲ್ಲಿ ಅವಶ್ಯವಾಗಿ ನಮೂದಿಸಬೇಕು. ಔಷಧದ ಹೆಸರು, ಇನ್ಹೇಲರ್ ಇಟ್ಟಿರುವ ಜಾಗ ಮತ್ತು ಪೋಷಕರ ದೂರವಾಣಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಗುರುಗಳಿಗೂ ನೀಡಬೇಕು. ತರಬೇತುದಾರರು ಇಂತಹ ಚೀಟಿಯನ್ನು ಮುನ್ನೆಚ್ಚರಿಕೆಗಾಗಿ ಬಳಸಬೇಕೇ ಹೊರತು ಮಗುವನ್ನು ಹಿಂದಿನ ಸಾಲಿಗೆ ಸರಿಸಲು ಅಥವಾ ಕೈಬಿಡಲು ಕಾರಣವನ್ನಾಗಿ ಮಾಡಿಕೊಳ್ಳಬಾರದು. ಹೇಳಿದವರಿಗೆ ಅವಕಾಶ ತಪ್ಪುವ ಕಡೆ ಮುಂದಿನವರು ಹೇಳುವುದಿಲ್ಲ.

ಪ್ರಶ್ನೆ: ಇನ್ಹೇಲರ್ ಎಲ್ಲಿರಬೇಕು?
ಉತ್ತರ: ನರ್ತಿಸುವ ಸ್ಥಳದಲ್ಲೇ, ಕೈಗೆ ಸಿಗುವಂತೆ ಇರಬೇಕು. ಬೀಗ ಹಾಕಿದ ಕಪಾಟಿನಲ್ಲಾಗಲೀ ಬಿಸಿಲಲ್ಲಿ ನಿಂತ ವಾಹನದಲ್ಲಾಗಲೀ ಇಡಬಾರದು. ಅವಧಿ ಮುಗಿಯುವ ದಿನಾಂಕ ಮತ್ತು ಉಳಿದಿರುವ ಒತ್ತುಗಳನ್ನು ಆಗಾಗ್ಗೆ ಪರಿಶೀಲಿಸತಕ್ಕದ್ದು.

ಪ್ರಶ್ನೆ: ದಾಖಲೆ ಇಡುವುದು ಅಗತ್ಯವೇ?
ಉತ್ತರ: ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ನರ್ತಿಸಿದ ನಿಮಿಷ, ಮೊದಲು ತೆಗೆದುಕೊಂಡ ಔಷಧ, ನಂತರ ಕಂಡ ಲಕ್ಷಣ ಹಾಗೂ ಷರಾ ಎಂಬ 5 ಕಲಂಗಳನ್ನು ಹಾಕಿಕೊಂಡರೆ ಸಾಕು. ಒಂದು ತಿಂಗಳ ಪುಟಗಳನ್ನು ನೋಡಿದಾಗ ಹತೋಟಿ ಸುಧಾರಿಸುತ್ತಿದೆಯೇ, ಕುಸಿಯುತ್ತಿದೆಯೇ ಎಂಬುದು ವೈದ್ಯರಿಗೂ ಕುಟುಂಬದವರಿಗೂ ಸ್ಪಷ್ಟವಾಗುತ್ತದೆ.

11. ಸೂಚನೆ

ಈ ಪುಟದಲ್ಲಿನ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದ್ದು, ವೈದ್ಯರ ಸಲಹೆಗೆ ಇವು ಪರ್ಯಾಯವಲ್ಲ. ಔಷಧದ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬಾರದು ಹಾಗೂ ಲಕ್ಷಣಗಳಿಲ್ಲವೆಂದು ತಡೆಗಟ್ಟುವ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ಪೋಷಕರು, ನೃತ್ಯಗುರುಗಳು ಮತ್ತು ಸಂಘಟಕರು ಕಲಂ 9ರ ಪ್ರತಿಯನ್ನು ಅಭ್ಯಾಸದ ಕೊಠಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ಕೋರಲಾಗಿದೆ.