ಹಳೆಯ ಹೋಟೆಲಿನ ಗೋಡೆಗೆ ಹೊಸ ಕಲೆ

ಕರ್ನಾಟಕದ ಹಳೆಯ ಹೋಟೆಲುಗಳ ಗೋಡೆಗಳಲ್ಲಿ ಬಹುಕಾಲ ಕಾಣುತ್ತಿದ್ದುದು ದೇವರ ಪಟ, ಹೋಟೆಲು ತೆರೆದ ಹಿರಿಯರ ಹಾರ ಹಾಕಿದ ಭಾವಚಿತ್ರ, ಅಂಗಡಿಯವರು ಕೊಟ್ಟ ಕ್ಯಾಲೆಂಡರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳು ಅಗ್ಗವಾಗಿ ಸಿಗತೊಡಗಿದವು. ಮನೆಯ ದೇವರ ಕೋಣೆಗೆ ಬಂದಂತೆ ಹೋಟೆಲಿನ ಗಲ್ಲಾದ ಮೇಲೂ ಬಂದವು. ಇವೆಲ್ಲ ಸಾವಿರಾರು ಗೋಡೆಗಳಿಗೆ ಒಂದೇ ಅಚ್ಚಿನಲ್ಲಿ ತಯಾರಾದವು. ಇಂಥದೇ ಜಾಗಕ್ಕೆ ಇಂಥದೇ ಕೃತಿ ಬೇಕೆಂದು ಕಲಾವಿದರಿಗೆ ಹೇಳಿ ಮಾಡಿಸುವುದು ಬೇರೆಯ ಬಗೆಯ ಕೆಲಸ. ಅದಕ್ಕೆ ಹಣದ ಜೊತೆಗೆ ಹೋಟೆಲಿನ ಇತಿಹಾಸದ ತಿಳಿವಳಿಕೆಯೂ ಬೇಕು.

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಇದನ್ನು ಚೆನ್ನಾಗಿ ತೋರಿಸುತ್ತದೆ. ವೆಂಕಟರಮಣ ಉರಾಳರು 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳನ್ನು ನೆಚ್ಚಿ ತೆರೆದ ಈ ಹೋಟೆಲು 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಗಾಂಧಿ ಬಜಾರು ಇರುವ ಬಸವನಗುಡಿ ಸಾಹಿತಿಗಳ ಬಡಾವಣೆ, ಡಿ.ವಿ.ಜಿ., ಮಾಸ್ತಿ ಅವರಂಥ ಹಿರಿಯರು ಓಡಾಡಿದ ಬೀದಿಗಳು ಅವು. ಹೋಟೆಲಿನ ಗೋಡೆಗಳ ಮೇಲೆ ಕನ್ನಡದ ಬರಹಗಾರರ ರೇಖಾಚಿತ್ರಗಳಿವೆ. ಮೇಜು ಖಾಲಿಯಾಗುವುದನ್ನು ಕಾಯುವವರು, ಒಂದೇ ಕೈಯ ಮೇಲೆ ಹತ್ತಾರು ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್‌ಗಳು, ಗಿಜಿಗುಡುವ ಸಣ್ಣ ಕೋಣೆ: ಇದರ ನಡುವೆ ಬಣ್ಣದ ದೊಡ್ಡ ಚಿತ್ರ ಕಣ್ಣಿಗೆ ಭಾರವಾಗುತ್ತಿತ್ತು. ಕಪ್ಪು ಬಿಳುಪಿನ ಗೆರೆಗಳು ಗದ್ದಲಕ್ಕೆ ಹೊಂದಿಕೊಂಡಿವೆ. ಕಾಯುವ ಗಿರಾಕಿ ಮುಖಗಳನ್ನು ಗುರುತಿಸುತ್ತಾ ನಿಲ್ಲುತ್ತಾನೆ. ಆ ಊರಿನ, ಆ ಬೀದಿಯ ನೆನಪನ್ನೇ ಚಿತ್ರ ಮಾಡಿದ್ದರಿಂದ ಅವು ಹೊರಗಿನಿಂದ ತಂದು ತೂಗುಹಾಕಿದಂತೆ ಕಾಣುವುದಿಲ್ಲ.

ಗೋಡೆಯ ಚಿತ್ರಕ್ಕಿಂತ ಕಟ್ಟಡದ ವಿನ್ಯಾಸವೇ ಕಲೆಯಾದ ಉದಾಹರಣೆ ಇಂಡಿಯನ್ ಕಾಫಿ ಹೌಸ್. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಮುಂದೆ ತಿರುವನಂತಪುರದ ತಂಪಾನೂರಿನ ಕಾಫಿ ಹೌಸನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಸುರುಳಿಯಾಗಿ ಮೇಲೇರುವ ಇಟ್ಟಿಗೆಯ ಗೋಪುರದಂತೆ ಕಟ್ಟಿದರು. ಇಳಿಜಾರಿನ ನೆಲಕ್ಕೆ ಸರಿಯಾಗಿ ಮೇಜು, ಆಸನಗಳೂ ಕಟ್ಟಡದ ಭಾಗವಾಗಿಯೇ ಇವೆ. ಗೋಡೆಯ ಜಾಲಂಧ್ರಗಳಿಂದ ಗಾಳಿ, ಬೆಳಕು ಬರುತ್ತವೆ. ಅಲ್ಲಿ ಅಲಂಕಾರವೆಂದು ಬೇರೆ ಏನನ್ನೂ ಸೇರಿಸಬೇಕಾಗಿಲ್ಲ.

ಹೊರದೇಶಗಳಲ್ಲಿ ಹೋಟೆಲಿಗೆಂದೇ ಕಲೆ ಮಾಡಿಸುವ ಪದ್ಧತಿ ಹಳೆಯದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕೇಟ್ ಕ್ರಾನ್‌ಸ್ಟನ್ ಎಂಬ ಮಹಿಳೆ 1903ರಲ್ಲಿ ತೆರೆದ ವಿಲ್ಲೋ ಚಹಾಗೃಹದ ಕುರ್ಚಿ, ಕಿಟಕಿ, ಬಾಗಿಲುಗಳನ್ನೆಲ್ಲ ವಾಸ್ತುಶಿಲ್ಪಿ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ರೂಪಿಸಿದ. ಒಬ್ಬನ ಕೈಗೇ ಎಲ್ಲವನ್ನೂ ಒಪ್ಪಿಸಿದ್ದರಿಂದ ಅದಕ್ಕೊಂದು ಏಕರೂಪ ಬಂತು. ನ್ಯೂಯಾರ್ಕಿನ ಫೋರ್ ಸೀಸನ್ಸ್ ರೆಸ್ಟೋರೆಂಟಿನ ಕಥೆ ಇದಕ್ಕೆ ತದ್ವಿರುದ್ಧ. 1958ರಲ್ಲಿ ಚಿತ್ರಕಾರ ಮಾರ್ಕ್ ರಾಥ್ಕೊ ಅದರ ಗೋಡೆಗಳಿಗೆ ಚಿತ್ರ ಬರೆಯಲು ಒಪ್ಪಿ, ಕಡುಗೆಂಪು, ಕಂದು ಬಣ್ಣದ ದೊಡ್ಡ ಚಿತ್ರಗಳನ್ನು ಮಾಡಿದ. ಆ ರೆಸ್ಟೋರೆಂಟಿನಲ್ಲಿ ಒಮ್ಮೆ ಊಟ ಮಾಡಿದ ಮೇಲೆ, ಅಂಥ ಶ್ರೀಮಂತರ ಊಟದ ಹಿನ್ನೆಲೆಯಾಗಿ ತನ್ನ ಚಿತ್ರಗಳು ಇರಕೂಡದೆಂದು ಮುಂಗಡ ಹಿಂದಿರುಗಿಸಿದ. ಅವುಗಳಲ್ಲಿ ಒಂಬತ್ತು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿವೆ. ಚಿತ್ರ ಎಲ್ಲಿ ಇರುತ್ತದೆ, ಯಾರ ಎದುರು ಇರುತ್ತದೆ ಎಂಬುದನ್ನು ಕಲಾವಿದ ಮೊದಲೇ ಕೂತು ನೋಡಬೇಕಿತ್ತು.

ಹಳೆಯ ಚಿತ್ರವೇ ತೊಡಕಾಗುವುದೂ ಉಂಟು. ಟೇಟ್ ಬ್ರಿಟನ್ ಕಲಾಸಂಗ್ರಹಾಲಯದ ಉಪಾಹಾರ ಗೃಹಕ್ಕೆ ರೆಕ್ಸ್ ವಿಸ್ಲರ್ 1927ರಲ್ಲಿ ಮುಗಿಸಿದ ಭಿತ್ತಿಚಿತ್ರದಲ್ಲಿ ಗುಲಾಮನಾದ ಕಪ್ಪು ಹುಡುಗನೊಬ್ಬನನ್ನು ಎಳೆದೊಯ್ಯುವ ದೃಶ್ಯವಿದೆ. 2020ರಲ್ಲಿ ಮುಚ್ಚಿದ ಉಪಾಹಾರ ಗೃಹ ಮತ್ತೆ ತೆರೆಯಲಿಲ್ಲ. ಚಿತ್ರವನ್ನು ಅಳಿಸುವ ಬದಲು ಸಂಸ್ಥೆ ಕೀತ್ ಪೈಪರ್ ಎಂಬ ಕಲಾವಿದನಿಂದ ಅದಕ್ಕೆ ಎದುರುತ್ತರವಾಗಿ ಚಲಚ್ಚಿತ್ರ ಕೃತಿಯೊಂದನ್ನು ಮಾಡಿಸಿ 2024ರಲ್ಲಿ ಅಲ್ಲೇ ಪ್ರದರ್ಶನಕ್ಕಿಟ್ಟಿತು. ಇದು ಮೆಚ್ಚಬೇಕಾದ ದಾರಿ.

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ಹೋಟೆಲುಗಳು ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಒಗ್ಗರಣೆ-ಮಿರ್ಚಿಯ ಹಳೆಯ ಹೋಟೆಲುಗಳ ಸುತ್ತಲೇ ಕುಶಲಿಗಳಿದ್ದಾರೆ. ಬಳ್ಳಾರಿ ಸೀಮೆ ತೊಗಲುಗೊಂಬೆಯಾಟದ ನೆಲ. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣ ಆ ಕಲೆಯನ್ನು ನಾಡಿಗೆಲ್ಲ ಪರಿಚಯಿಸಿದವರು. ಗಡಿಯಾಚೆ ಆಂಧ್ರದ ನಿಮ್ಮಲಕುಂಟದ ಕಲಾವಿದರು ಅದೇ ಬಗೆಯ ತೊಗಲನ್ನು ದೀಪದ ಮುಸುಕುಗಳನ್ನಾಗಿ ಮಾಡಿ ಬದುಕು ಕಂಡುಕೊಂಡಿದ್ದಾರೆ. ಹದ ಮಾಡಿದ ಆಡಿನ ತೊಗಲು ಬೆಳಕನ್ನು ತನ್ನ ಮೂಲಕ ಬಿಡುತ್ತದೆ; ಹಿಂದೆ ದೀಪವಿಟ್ಟರೆ ಬಣ್ಣಗಳು ಹೊಳೆಯುತ್ತವೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಕುರುಗೋಡಿನ ದೊಡ್ಡಬಸವೇಶ್ವರ ದೇವಸ್ಥಾನದ ಏಕಶಿಲೆಯ ಭಾರಿ ನಂದಿಯನ್ನು ಕಂಡವರಿಗೆ ಕಲ್ಲಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಹೋಟೆಲೆಂಬುದು ಕಲೆಗೆ ಒರಟು ಜಾಗ. ಕಾವಲಿಯ ಎಣ್ಣೆಹಬೆ ಗೋಡೆಗೆ ಅಂಟಿ ಧೂಳನ್ನು ಹಿಡಿಯುತ್ತದೆ. ತೊಗಲು ತೇವಕ್ಕೆ ಸೊಟ್ಟಗಾಗುತ್ತದೆ. ಅದನ್ನು ಅಡುಗೆಮನೆಯಿಂದ ದೂರವಿಟ್ಟು, ಬಿಸಿಯಾಗದ ಎಲ್‌ಇಡಿ ದೀಪ ಹಾಕಬೇಕು. ಕಸೂತಿ ಬಟ್ಟೆ ಒಗ್ಗರಣೆಯ ವಾಸನೆ ಹೀರುವುದರಿಂದ ಗಾಜಿನ ಚೌಕಟ್ಟಿನೊಳಗೆ ಇರಬೇಕು. ಕೈ ತಾಗುವ ಎತ್ತರದವರೆಗೆ ಒರೆಸಬಹುದಾದ ಕಲ್ಲು ಅಥವಾ ಹೆಂಚೇ ಸರಿ. ಚಿತ್ರ ಅದರ ಮೇಲೆ.

ಕೊನೆಯದು ಕಾನೂನಿನ ಮಾತು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಆದರೂ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ನೈತಿಕ ಹಕ್ಕು 57ನೇ ಕಲಮಿನಂತೆ ಕಲಾವಿದರಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನಕ್ಕಾಗಿ ಸರ್ಕಾರವೇ ಶಿಲ್ಪಿ ಅಮರನಾಥ ಸೆಹಗಲ್ ಅವರಿಂದ ಮಾಡಿಸಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಅವರು ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟು 2005ರಲ್ಲಿ ಉಳಿದ ಚೂರುಗಳನ್ನು ಅವರಿಗೆ ಹಿಂದಿರುಗಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಹೋಟೆಲು ನವೀಕರಣವಾದಾಗ, ಮಾರಾಟವಾದಾಗ ಚಿತ್ರ ಯಾರ ಬಳಿ ಹೋಗುತ್ತದೆ, ರಿಪೇರಿಗೆ ಯಾರನ್ನು ಕರೆಯಬೇಕು, ಕಲಾವಿದರ ಹೆಸರು ಗೋಡೆಯ ಮೇಲೆ ಎಲ್ಲಿರಬೇಕು ಎಂಬುದನ್ನು ಮಾಲೀಕರು ಮುಂಗಡ ಕೊಡುವ ದಿನವೇ ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಳ್ಳಬೇಕು.