ನೀರಿನೊಳಗಣ ಯುರೇನಿಯಂ ಮತ್ತು ಹುದುಗಿನ ಕಣ

ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಎಂಬ ಹುದುಗು, ನೀರಿನಲ್ಲಿ ಕರಗಿದ ಯುರೇನಿಯಂ ಲೋಹವನ್ನೂ ಹಿಡಿದುಕೊಳ್ಳಬಲ್ಲದೆಂದರೆ ಸದ್ಭಕ್ತರಿಗೆ ಅಚ್ಚರಿಯಾದೀತು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ವಿಜ್ಞಾನಿಗಳು 1981ರಲ್ಲಿಯೇ ಇದನ್ನು ವರದಿ ಮಾಡಿದ್ದಾರೆ. ಲೋಹವು ಕಣದ ಒಳಹೊಕ್ಕಿರಲಿಲ್ಲ, ಹೊರಮೈಗೆ ಅಂಟಿಕೊಂಡಿತ್ತು.

ಯೀಸ್ಟಿನ ಹೊರಗೋಡೆಯಲ್ಲಿ ಫಾಸ್ಫೇಟ್ ಮುಂತಾದ ಋಣ ವಿದ್ಯುದಂಶದ ತಾಣಗಳಿವೆ; ನೀರಿನಲ್ಲಿ ಧನ ವಿದ್ಯುದಂಶ ಹೊತ್ತ ಯುರೇನಿಯಂ ಅಲ್ಲಿಗೆ ಸೆಳೆಯಲ್ಪಡುತ್ತದೆ. ಇದಕ್ಕೆ ಯೀಸ್ಟ್ ಜೀವಂತವಾಗಿರಬೇಕೆಂದೇನೂ ಇಲ್ಲ, ಸತ್ತ ಕಣವೂ ಸಾಕು. ಆದ್ದರಿಂದಲೇ ಮದ್ಯದ ಕಾರ್ಖಾನೆಗಳಲ್ಲಿ ಮಿಕ್ಕುವ ಯೀಸ್ಟಿನ ಮೇಲೆ ಸಂಶೋಧಕರ ಕಣ್ಣು ಬಿದ್ದಿದೆ. ಮಠದ ಪತ್ರಿಕೆಯಲ್ಲಿ ಮದ್ಯದ ಮಾತೇ ಎಂದು ಹುಬ್ಬೇರಿಸಬೇಡಿರಿ. ನಾವು ಹೇಳುತ್ತಿರುವುದು ಅದರ ಕಸದ ಸದುಪಯೋಗವನ್ನು.

ಆದರೆ ಯೀಸ್ಟ್ ಯುರೇನಿಯಂ ಅನ್ನು ನಾಶಮಾಡದು. ಯುರೇನಿಯಂ-238 ತನ್ನ ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕು. ಅಪಾರ ನೀರಿನಲ್ಲಿ ಹರಡಿದ್ದ ವಿಷವು ಹಿಡಿಯಷ್ಟು ಯೀಸ್ಟಿನಲ್ಲಿ ಒಟ್ಟುಗೂಡುತ್ತದೆ, ಅಷ್ಟೆ. ಆಮ್ಲದಿಂದ ತೊಳೆದು ಲೋಹವನ್ನು ಬೇರ್ಪಡಿಸಬಹುದು. ಇಲ್ಲವಾದರೆ ಆ ಯೀಸ್ಟನ್ನೇ ವಿಕಿರಣ ತ್ಯಾಜ್ಯವೆಂದು ಕಾಪಿಡಬೇಕು.

ಈ ವಿಷಯ ನಮಗೇಕೆ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಕೊಳವೆಬಾವಿಗಳಲ್ಲಿ ಕಲ್ಲಿನ ಪದರದಿಂದ ಕರಗಿಬಂದ ಯುರೇನಿಯಂ ಪತ್ತೆಯಾಗಿದೆ. ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಕುಡಿಯುವ ನೀರಿನಲ್ಲಿ ಅದರ ವಿಕಿರಣಕ್ಕಿಂತ ರಾಸಾಯನಿಕ ಗುಣದ ಭಯವೇ ಹೆಚ್ಚು: ಪೆಟ್ಟು ಬೀಳುವುದು ಮೂತ್ರಪಿಂಡಗಳಿಗೆ. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ಅದರ ಸುಳಿವು ಸಿಗದು. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತದೆ.

ಹಾಗೆಂದು ಮನೆಯ ಕೊಡಕ್ಕೆ ಯೀಸ್ಟ್ ಬೆರೆಸಬಾರದು. ಅಂತರ್ಜಲದ ಕಾರ್ಬೋನೇಟ್ ಮತ್ತು ಸುಣ್ಣದಂಶಗಳು ಯುರೇನಿಯಂ ಜೊತೆಗೂಡಿ ಅದರ ಧನ ವಿದ್ಯುದಂಶವನ್ನು ಅಳಿಸುವುದರಿಂದ ಯೀಸ್ಟಿನ ಹಿಡಿತ ಅಲ್ಲಿ ಸಡಿಲವಾಗುತ್ತದೆ. ಮನೆಗೆ ಸದ್ಯ ಒದಗುವುದು ಆರ್‌ಒ ಯಂತ್ರ. ಅದು ಹೊರಬಿಡುವ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು. ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಇನ್ನೊಂದು ದಾರಿ.

ಆ ಭಾಗದಲ್ಲಿ ದಾಸೋಹದ ಅಡುಗೆಗೆ ಕೊಳವೆಬಾವಿಯನ್ನೇ ನೆಚ್ಚಿರುವವರು ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ‘ಯುರೇನಿಯಂ ಪರೀಕ್ಷೆ’ ಎಂದು ಸ್ಪಷ್ಟವಾಗಿ ಬರೆದು ಕೇಳಬೇಕು. ಗಡಸುತನ, ಫ್ಲೋರೈಡ್ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣಿಸುವುದಿಲ್ಲ.