ಜಡಿಮಳೆಯೂ ಉಪಗ್ರಹದ ಅಳತೆಯೂ

ಜನಪದರು ಗುಡುಗುಮಳೆಯನ್ನೂ ಜಡಿಮಳೆಯನ್ನೂ ಒಂದೇ ಹೆಸರಿನಿಂದ ಕರೆದವರಲ್ಲ. ಕಾವೇರಿಯ ಜಲಾನಯನ ಪ್ರದೇಶದ ಮಳೆಯನ್ನು ಉಪಗ್ರಹಗಳಿಂದ ಅಳೆಯುವಲ್ಲಿ ಈ ಭೇದವೇ ನಿರ್ಣಾಯಕವಾಗುತ್ತದೆ. 2014ರಲ್ಲಿ ಉಡಾವಣೆಗೊಂಡ ಜಿಪಿಎಂನಂತಹ ಉಪಗ್ರಹಗಳ ಮೈಕ್ರೋವೇವ್ ಉಪಕರಣಗಳು ನೆಲದ ಮೇಲಣ ಮಳೆಯನ್ನು ಬಹುಮಟ್ಟಿಗೆ ಮೋಡದೊಳಗಿನ ಹಿಮಕಣಗಳಿಂದ ಅಂದಾಜಿಸುತ್ತವೆ. ಎತ್ತರದ ಗುಡುಗುಮೋಡಗಳಲ್ಲಿ ಹಿಮ ಹೇರಳ. ಆದರೆ ಕೊಡಗಿನ ಘಟ್ಟಕ್ಕೆ ತಾಗಿ ದಿನಗಟ್ಟಲೆ ಸುರಿಯುವ ಮುಂಗಾರಿನ ಮೋಡಗಳು ಬಹುಪಾಲು ತಗ್ಗಿನವು. ಅವುಗಳಲ್ಲಿ ಹಿಮ ಅಲ್ಪ, ನೀರು ಅಪಾರ. ಆದುದರಿಂದ ನದಿಗೆ ಹೆಚ್ಚು ನೀರುಣಿಸುವ ನೆಲೆಯಲ್ಲಿಯೇ ಲೆಕ್ಕವು ಕುಗ್ಗುತ್ತದೆ. ಮಳೆನೆರಳಿನ ಬಯಲಿನಲ್ಲಾದರೋ, ಗಾಳಿಯಲ್ಲಿಯೇ ಆರಿಹೋದ ಹನಿಯೂ ಲೆಕ್ಕಕ್ಕೆ ಸೇರುವುದುಂಟು! ಈ ದೋಷವನ್ನು ತಿದ್ದಲು ಮಳೆಮಾಪಕಗಳೇ ಆಧಾರ. ಅವುಗಳ ಬಾಯಿಯಾದರೂ ಗೇಣಗಲವಿಲ್ಲ. ಉಪಗ್ರಹದ ಲೆಕ್ಕವೋ ಸುಮಾರು 10 ಕಿ.ಮೀ. ಚೌಕದ ಸರಾಸರಿ. ಘಟ್ಟದ ಕಾಡಿನಲ್ಲಿ ಮಾಪಕಗಳು ವಿರಳವಾದಷ್ಟೂ ಕೆಳಗಿನ ಜಲಾಶಯಗಳ ಒಳಹರಿವಿನ ಮುನ್ನಂದಾಜು ತಪ್ಪುವ ಸಂಭವ ಹೆಚ್ಚು.